ಅರ್ಧ ಎಂಜಿನ್ನಿನ ಉಸಿರು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಆ ಎಂಜಿನ್ನಿನ ಬಾಯಿಗೆ ಕಟ್ಟಿದ್ದ ಕೆಂಪು ಮುಸುಕು ಬಿಚ್ಚಿದ ಮಂಗ್ಯಾ ನಾನೇ. ಮಿಮಿಕ್ರಿ ಮಾಡುವವನ ಮಾತು ಯಾರು ನಂಬುತ್ತಾರೆ ಹೇಳಿ? ಆದರೆ ಇದೊಂದನ್ನು ನನ್ನ ಸ್ವಂತ ದನಿಯಲ್ಲೇ ಹೇಳುತ್ತಿದ್ದೇನೆ.

ಕೊಪ್ಪಳದ ಹೊರಗೆ ವಿಮಾನ ರಿಪೇರಿ ಕಲಿಸುವ ಒಂದು ಕೇಂದ್ರ. ನಾನು, ರಫೀಕ್ ಭಾಯ್ ಅಲ್ಲಿ ರಾತ್ರಿ ಪಾಳಿಯ ವಾಚ್‌ಮನ್‌ಗಳು. ನಮ್ಮೂರು ಅಳವಂಡಿಯ ಸಾಲಿಯ ವಾರ್ಷಿಕೋತ್ಸವದ ಗ್ಯಾದರಿಂಗಿನಲ್ಲಿ ಕತ್ತೆ, ಟ್ರ್ಯಾಕ್ಟರ್, ನಮ್ಮಪ್ಪನ ಗೊರಕೆ ಎಲ್ಲ ಮಾಡಿ ಚಪ್ಪಾಳೆ ಬಿಟ್ಟರೆ ಏನೂ ಗಿಟ್ಟದ ನನಗೆ ಸಿಕ್ಕ ಮೊದಲ ನೌಕರಿ ಅದು.

ಶೆಡ್ಡಿನಲ್ಲಿ ಹುಡುಗರಿಗೆ ತೋರಿಸಲೆಂದು ಇಟ್ಟ ಅರ್ಧ ಜೆಟ್ ಎಂಜಿನ್. ಮುಂದಿನ ಫ್ಯಾನು, ಗಾಳಿ ಹಿಚುಕುವ ಭಾಗ ಅಷ್ಟೇ. ಬೆಂಕಿ ಉರಿಯುವ ಕೋಣೆಯನ್ನೂ ಅದರ ಹಿಂದಿನ ಚಕ್ರಗಳನ್ನೂ ಕೊಯ್ದು ತೆಗೆದಿದ್ದರು. ಪಾಠ ಕದ್ದು ಕೇಳಿದ್ದ ರಫೀಕ್ ಭಾಯ್ ನನಗೆ ಹೇಳಿಕೊಟ್ಟಿದ್ದರು: "ಗಾಳಿ ಎಳಿ, ಹಿಚುಕು, ಬೆಂಕಿ ಹಚ್ಚು, ಹಿಂದಕ್ಕ ಉಗುಳು. ಇಷ್ಟ ನೋಡಪಾ."

"ನಮ್ಮ ಕೇಂದ್ರದ ಸಾಹೇಬ್ರೂ ಹಿಂಗ ಅಲ್ಲೇನ್ರಿ ಭಾಯ್?" ಅಂದೆ. ಬಿದ್ದು ಬಿದ್ದು ನಕ್ಕರು.

ಆ ಉಮೇದಿನಲ್ಲೇ ಮುಸುಕು ಬಿಚ್ಚಿ, ಫ್ಯಾನಿನ ಮುಂದೆ ಮುಖವಿಟ್ಟು ಜೆಟ್ಟಿನ ದನಿ ಎಳೆದೆ… ಹೂಂ… ಊಂ… ಈಂ… ಶೆಡ್ಡಿನ ತಗಡೆಲ್ಲ ಗುಂಯ್‌ಗುಟ್ಟಿತು.

"ಬಸ್ ಮಾಡೋ ಶರಣ್ಯಾ, ಹಾರಿ ಹೋದಿ!" ಅಂದರು ಭಾಯ್.

ಬಾಯಿ ಮುಚ್ಚಿದೆ.

ದನಿ ನಿಲ್ಲಲಿಲ್ಲ…

ಫ್ಯಾನು ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಆದರೂ ಸಿಳ್ಳೆ ಏರುತ್ತಲೇ ಹೋಯಿತು. ಆಮೇಲೆ, ಬೆಂಕಿಯ ಕೋಣೆ ಇರಬೇಕಿದ್ದ ಖಾಲಿ ಜಾಗದಿಂದ… ಧುಪ್! ಇವತ್ತಿಗೂ ಆ ಸದ್ದು ನನ್ನ ಬಾಯಿಗೆ ಬಂದಿಲ್ಲ. ಗಪ್ಪನೆ ಸೀಮೆಎಣ್ಣೆ ವಾಸನೆ. ಎಂಜಿನ್ನಿನ ಹಿಂದೆ ನಿಂತಿದ್ದ ಭಾಯ್ ಕೊರಳಿನ ಟವೆಲ್ ಬಿಸಿಗಾಳಿಗೆ ಪಟಪಟ ಬಡಿದು ಹಾರಿಹೋಯಿತು.

ನನ್ನ ಕೈ ಹಿಡಿದು ಅಂಗಳಕ್ಕೆ ಎಳೆದುಕೊಂಡು ಓಡಿದರು. "ಯಾ ಅಲ್ಲಾ… ನೀ ಅಲ್ಲಲ್ಲೋ? ನೀ ಅಲ್ಲಲ್ಲ?" ಅವರ ಉಗುರು ನನ್ನ ಮುಂಗೈಯಲ್ಲಿ ಇಳಿದಿತ್ತು.

ಬೆಳಿಗ್ಗೆ ಸಾಹೇಬರು ಬಂದರು. "ಏನದು ಸಪ್ಪಳ? ಹಾಸ್ಟೆಲ್ ಹುಡುಗ್ರೆಲ್ಲ ಎದ್ದು ಕುಂತಿದ್ರು."

ಒಂದೂ ಬಿಡದೆ ಹೇಳಿದೆ. "ನನ್ನ ಮಾತು ಬ್ಯಾಡ್ರಿ ಸರ, ಭಾಯ್‌ನ ಕೇಳ್ರಿ."

ಭಾಯ್ ನೆಲ ನೋಡಿದರು. "ಎಲ್ಲಾ ಇವನ ಬಾಯೀರಿ ಸರ. ನಾ ಬ್ಯಾಡಂದ್ರೂ ಕೇಳ್ಲಿಲ್ಲ."

"ನಾಳಿಂದ ಬರಬ್ಯಾಡ," ಅಂದರು ಸಾಹೇಬರು. ಮುಗಿಯಿತು ನೌಕರಿ.

ಗೇಟಿನ ತನಕ ಭಾಯ್ ನನ್ನ ಜೊತೆ ಬಂದರು. ಮುಂಗೈ ಮೇಲಿನ ಉಗುರಿನ ಗುರುತನ್ನು ಭಾಯ್ ಮುಂದೆ ಹಿಡಿದೆ.

"ನಿಮ್ಮ ಟವೆಲ್ ಹಾರಿತ್ತಲ್ರಿ ಭಾಯ್. ಯಾಕ ಸುಳ್ಳ ಹೇಳಿದ್ರಿ?"

ಅವರು ಮೆಲ್ಲಗೆ ಅಂದರು: "ಅದು ನೀನ ಆಗಿರ್ಬೇಕೋ ಶರಣ್ಯಾ. ನೀ ಅಲ್ಲಂದ್ರ, ಇವತ್ತ ರಾತ್ರಿ ನಾ ಅಲ್ಲಿ ಯಾರ ಕೂಡ ಕುಂದರ್ಲಿ?"