ಕಪಾಟಿನೊಳಗಿನ ಬೂಟು

ಬಾಗಲಕೋಟೆಯ ಒಂದು ಬೂಟು ಕಾರ್ಖಾನೆಯ ಮಾಲೀಕರು ಯಾರನ್ನು ಕಂಡರೂ ಮೊದಲು ಕಾಲು ನೋಡುತ್ತಿದ್ದರು. "ನಮ್ಮಪ್ಪ ಊರಿಗೆಲ್ಲಾ ಚಪ್ಪಲಿ ಹೊಲದು ತಾ ಬರಿಗಾಲಾಗ ಸತ್ತಾನ್ರಿ" ಎನ್ನುವಾಗೆಲ್ಲ ಅವರ ದವಡೆ ಬಿಗಿಯುತ್ತಿತ್ತು. ಆ ಅಪ್ಪನ ಹೆಸರಿನಲ್ಲಿ ಹುನಗುಂದದ ನಮ್ಮ ಶಾಲೆಗೆ ವರ್ಷವೂ ಬೂಟು ಕಳಿಸುತ್ತಿದ್ದರು. ಒಂದು ಸಲ ತಾವೇ ಬಂದರು. ಅವರನ್ನು ಸ್ವಾಗತಿಸಲು ಮಕ್ಕಳು ಉರಿಬಿಸಿಲಲ್ಲಿ ಬರಿಗಾಲಲ್ಲಿ ಸಾಲಾಗಿ ನಿಂತಿದ್ದರು.

"ನಾ ತಿಂಗಳ ಹಿಂದ ಕಳಿಸಿದ ಬೂಟು ಎಲ್ಲಿ ಅದಾವ್ರಿ, ಮಾಸ್ತರ?" ಎಂದು ನನ್ನನ್ನು ಕೇಳಿದರು.

"ಕಪಾಟಿನ್ಯಾಗ ಅದಾವ್ರಿ. ನೀವು ಬರೂದ್ರಾಗ ಹೊಲಸಾಗ್ತಾವಂತ ಕೊಟ್ಟಿಲ್ರಿ."

ಅವರು ಕೊರಳಿನ ಹಾರ ಕಿತ್ತು ಒಗೆದರು. ತಮ್ಮ ಬೂಟು ಬಿಚ್ಚಿ, ಮಕ್ಕಳ ಸಾಲಿನ ಕೊನೆಗೆ ಹೋಗಿ ನಿಂತರು.

"ಈ ಹುಡುಗೂರೆಲ್ಲಾ ಹಾಕ್ಕೊಂಡ ಮ್ಯಾಲೆ ನಾ ಹಾಕ್ಕೋತೇನಿ. ಕಪಾಟ ತಗೀರಿ."

ನಾನು ಓಡಿದೆ. ಕಾಯ್ದ ನೆಲ ನನಗೆ ತಾಕಲಿಲ್ಲ. ನನ್ನ ಕಾಲಲ್ಲಿ ಬೂಟಿದ್ದವು.