ತಮ್ಮ ಸಂಬಳ ಹೇಳಿದ ಆಂಟಿ

ನಿಮ್ಮ ಪಕ್ಕದಲ್ಲೇ ಕುಳಿತು, ನೀವು ಮಾಡುವ ಕೆಲಸವನ್ನೇ ಮಾಡುವವರಿಗೆ ಸಂಬಳ ಎಷ್ಟೆಂದು ನಿಮಗೆ ಗೊತ್ತಿದೆಯೆ? ಅವರ ಮಕ್ಕಳ ಹೆಸರು ಗೊತ್ತು, ಸಕ್ಕರೆ ಕಾಯಿಲೆ ಗೊತ್ತು, ಊರಿನ ಮನೆಗೆ ತಾರಸಿ ಹಾಕಿಸಿದ್ದೂ ಗೊತ್ತು. ಇದೊಂದು ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ, ಕೇಳದೆ ಇರುವುದೇ ಸಭ್ಯತೆ ಎಂದು ನಂಬಿದ್ದೆ. ಆ ನಂಬಿಕೆಯನ್ನು ಬಿಡಿಸಿದವರು, ದುಬೈಯ ಬೇಸಗೆಯಲ್ಲೂ ದಪ್ಪ ಉಣ್ಣೆಯ ಕಾಲುಚೀಲ ಹಾಕಿಕೊಳ್ಳುತ್ತಿದ್ದ ಒಬ್ಬ ರಷ್ಯನ್ ಹೆಂಗಸು.

ಬೂದು ಬಣ್ಣದ ಕಾಲುಚೀಲ, ಹಿಮ್ಮಡಿಯಲ್ಲಿ ಕೆಂಪು ನೂಲಿನ ತೇಪೆ. ದುಬೈಯ ಹಳೆಯ ಪೇಟೆ ದೇರಾದಲ್ಲಿರುವ ನೈಫ್‌ನ ಹಳೆಯ ಕಟ್ಟಡವೊಂದರ ಮೊದಲ ಮಹಡಿಯಲ್ಲಿ ಫರ್ ಕೋಟುಗಳ ಅಂಗಡಿಯಿತ್ತು. ಹಿಮದ ದೇಶದ ಪ್ರವಾಸಿಗಳು ಮರಳುಗಾಡಿಗೆ ಬಂದು ಚಳಿಯ ಕೋಟು ಕೊಳ್ಳುತ್ತಾರೆಂದರೆ ಹೊಸಬರು ನಂಬುವುದಿಲ್ಲ. ಆದರೆ ಆ ಅಂಗಡಿ ನಡೆಯುತ್ತಿದ್ದುದೇ ಅವರಿಂದ. ತುಪ್ಪಳ ಕೆಡದಿರಲೆಂದು ಒಳಗೆ ಏಸಿಯನ್ನು ಎಲುಬು ನಡುಗುವಷ್ಟು ತಣ್ಣಗೆ ಇಡುತ್ತಿದ್ದರು. ಹಿಂದಿನ ಕೋಣೆಯಲ್ಲಿ ಕೋಟುಗಳನ್ನು ಬಿಚ್ಚಿ, ಗಿರಾಕಿಯ ಅಳತೆಗೆ ಮತ್ತೆ ಹೊಲಿಯುವುದು ಆ ರಷ್ಯನ್ ಹೆಂಗಸಿನ ಕೆಲಸ. ಎದುರಿನ ಬಾಗಿಲಿನ ಕಾರ್ಗೋ ಆಫೀಸಿನಲ್ಲಿ ನನ್ನ ಕೆಲಸ. ಮಧ್ಯಾಹ್ನದ ಚಹಾಕ್ಕೆ ನಾವು ಮೆಟ್ಟಿಲ ತಿರುವಿನಲ್ಲಿ ಸೇರುತ್ತಿದ್ದೆವು. ದೇರಾದ ಬೀದಿಗಳಲ್ಲಿ ಎಲ್ಲರ ಬಾಯಲ್ಲೂ ಆಡುವ ಹರಕು ಹಿಂದಿಯೇ ನಮ್ಮ ಭಾಷೆ. ಎಲ್ಲರಿಗೂ ಅವರು ಆಂಟಿ.

ಮನುಷ್ಯರನ್ನು ಕಂಡೊಡನೆ ಕಣ್ಣಲ್ಲೇ ಅಳತೆ ತೆಗೆಯುವುದು ಆಂಟಿಯ ಅಭ್ಯಾಸ. ಪರಿಚಯವಾದ ದಿನ ನನ್ನ ಹೆಸರನ್ನೂ ಕೇಳದೆ, “ನಿನ್ನ ಬಲ ಹೆಗಲು ತಗ್ಗು. ಬ್ಯಾಗನ್ನು ಇನ್ನೊಂದು ಕಡೆ ಹಾಕು,” ಎಂದಿದ್ದರು. ಕಾಗದದ ಲೋಟದ ಚಹಾಕ್ಕೆ ಚೀಲದಿಂದ ಪುಟ್ಟ ಬಾಟಲಿ ತೆಗೆದು ಒಂದು ಚಮಚ ಜಾಮ್ ಬೆರೆಸುತ್ತಿದ್ದರು.

ಮಾಸ್ಕೋದಿಂದ ಒಂದು ರಾತ್ರಿಯ ರೈಲು ಪ್ರಯಾಣದಷ್ಟು ದೂರದ ಸಣ್ಣ ಪಟ್ಟಣದ ಹೊಲಿಗೆ ಕಾರ್ಖಾನೆಯಲ್ಲಿ ಆಂಟಿ ಯೌವನವನ್ನೆಲ್ಲ ಕಳೆದಿದ್ದರು. ಅಲ್ಲಿ ಸಂಬಳಕ್ಕೆ ಎರಡು ತುಂಡು. ಕಾಗದದಲ್ಲಿ ಬರೆದ ಸಣ್ಣ ತುಂಡು ಬ್ಯಾಂಕಿಗೆ; ಉಳಿದದ್ದು, ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಬ್ಬೊಬ್ಬರನ್ನೇ ಕರೆದು ಕೊಡುವ ಲಕೋಟೆಯಲ್ಲಿ. ಲಕೋಟೆಯನ್ನು ಒಡೆಯದೆ ಚೀಲಕ್ಕೆ ಹಾಕಿಕೊಂಡು ಹೊರಬರುವುದು ಅಲ್ಲಿನ ಮರ್ಯಾದೆ. ಮಾಸ್ಕೋಗೆ ಹೋದ ಅವರ ಸೋದರ ಸೊಸೆ ಅದೇ ಬಗೆಯ ಕೋಟು ಹೊಲಿದು ಅವರ ಹಲವು ಪಟ್ಟು ಪಡೆಯುತ್ತಿದ್ದಳು.

“ಟಿವಿಯಲ್ಲಿ ದೇಶದ ಸರಾಸರಿ ಸಂಬಳ ಇಷ್ಟು ಅಂತ ಹೇಳುತ್ತಿದ್ದರು,” ಎಂದರು ಒಂದು ದಿನ. “ಮರುದಿನ ನಮ್ಮ ಹೊಲಿಗೆಯ ಸಾಲಿನಲ್ಲಿ ಒಂದೇ ತಮಾಷೆ. ನನ್ನ ಸರಾಸರಿಯನ್ನು ಯಾರು ತಗೊಂಡಿರಿ, ವಾಪಸು ಕೊಡಿ.”

ಕಾಲೇಜಿನ ಚರ್ಚಾಕೂಟಗಳಲ್ಲಿ ಪಳಗಿದ ನನ್ನ ನಾಲಗೆ ಸುಮ್ಮನಿರಲಿಲ್ಲ. ಮೇಲಿನ ಕೆಲವರ ಭಾರೀ ಸಂಬಳ ಸರಾಸರಿಯನ್ನು ಮೇಲಕ್ಕೆ ಎಳೆಯುತ್ತದೆ. ಸಾಮಾನ್ಯ ಕೆಲಸಗಾರರ ಸಂಬಳ ತಿಳಿಯಬೇಕಾದರೆ ಎಲ್ಲರನ್ನೂ ಸಂಬಳದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿ, ನಡುವೆ ನಿಂತವರನ್ನು ಕೇಳಬೇಕು ಎಂದು ವಿವರಿಸಿದೆ. ಆಂಟಿ ಗಮನವಿಟ್ಟು ಕೇಳಿದರು. “ಒಳ್ಳೆಯ ಮಾತು. ಆದರೆ ಆ ಸಾಲಿನಲ್ಲಿ ನಾನು ಎಲ್ಲಿ ನಿಲ್ಲಲಿ? ಅವಳದೆಷ್ಟು ಅಂತ ನನಗೆ ಗೊತ್ತಿಲ್ಲ, ನನ್ನದೆಷ್ಟು ಅಂತ ಅವಳಿಗೆ ಗೊತ್ತಿಲ್ಲ.”

ಅವಳು ಎಂದರೆ ಪಕ್ಕದ ಯಂತ್ರದ ಗೆಳತಿ. ಕಣ್ಣು ಮಂಜಾಗಿ ಆಕೆ ಕೆಲಸ ಬಿಟ್ಟ ಮೇಲೆಯೇ ಆಂಟಿಗೆ ತಿಳಿದದ್ದು, ಆಕೆಯ ಲಕೋಟೆಯಲ್ಲಿ ತಮ್ಮದರ ಅರ್ಧವೂ ಇರುತ್ತಿರಲಿಲ್ಲವೆಂದು. “ಅಷ್ಟು ವರ್ಷ ಒಂದೇ ಡಬ್ಬಿಯಿಂದ ಸೂಪು ಕುಡಿದೆವು,” ಎಂದು ಲೋಟ ಮಡಚಿದರು. “ಖಲಾಸ್.”

ಫರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಇನ್ನೊಬ್ಬರಿದ್ದರು: ಕಿನ್ನಿಗೋಳಿ ಕಡೆಯ ಕೊಂಕಣಿ ಹೆಂಗಸು. ನಮ್ಮ ಕರಾವಳಿಯ ರೂಢಿಯಂತೆ ನಾನು ಅವರನ್ನು ಬಾಯಮ್ಮ ಎನ್ನುತ್ತಿದ್ದೆ. ಮೆಟ್ಟಿಲ ಚಹಾಕ್ಕೆ ಅವರೂ ಬರುತ್ತಿದ್ದರು, ಹೆಚ್ಚಾಗಿ ದುಡ್ಡನ್ನೂ ಅವರೇ ಕೊಡುತ್ತಿದ್ದರು. ಅಸ್ತರು ಹೊಲಿಯಲು ಬಂದವರು ಆಂಟಿಯಿಂದ ಎಲ್ಲವನ್ನೂ ಕಲಿತು, ಆಂಟಿಯಷ್ಟೇ ಕೆಲಸ ಮಾಡುತ್ತಿದ್ದರು. ಮಗಳು ಊರಿನಲ್ಲಿ ತಂಗಿಯ ಮನೆಯಲ್ಲಿದ್ದಳು. ಅವಳನ್ನು ಕರೆಸಿಕೊಳ್ಳಬೇಕಾದರೆ ಫ್ಯಾಮಿಲಿ ವೀಸಾಕ್ಕೆ ಬೇಕಾದಷ್ಟು ಸಂಬಳವಿರಬೇಕು, ಬಾಯಮ್ಮನಿಗೆ ಇರಲಿಲ್ಲ. ಆ ವಾರವೇ ಅವರ ಕರಾರು ನವೀಕರಣ. ಹಳೆಯ ಸಂಬಳಕ್ಕೇ ಸಹಿ ಹಾಕಿದರೆ ಮಗಳು ಇನ್ನೆರಡು ವರ್ಷ ಫೋನಿನಲ್ಲೇ.

ಮ್ಯಾನೇಜರ ಮುಂದೆ ಹೇಳಲೆಂದು ನಾನು ಸಮಾನ ಕೆಲಸಕ್ಕೆ ಸಮಾನ ವೇತನದ ಬಗ್ಗೆ ಚಹಾದ ಹೊತ್ತಿನಲ್ಲಿ ಅವರಿಗೊಂದು ಭಾಷಣ ಬರೆದುಕೊಟ್ಟೆ. ಬಾಯಮ್ಮ ಓದಿ ಮಡಚಿದರು. “ಚಂದ ಉಂಟು ಮಾರಾಯ್ರೆ. ಆದ್ರೆ ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಮ್ಯಾನೇಜರ್ ಊಟ ಮಾಡಿ, ನಿದ್ದೆ ಮಾಡಿ ಬಂದಾರು. ಯಾರಿಗೆ ಸಮಾನ ಅಂತ ಕೇಳಿದ್ರೆ ನಾನು ಎಂತ ಹೇಳುದು?”

ಆಂಟಿ ಏನೆಂದು ಕೇಳಿದರು. ಹಿಂದಿಯಲ್ಲಿ ಹೇಳಿದೆ. ಅವರು ಜಾಮ್ ಬಾಟಲಿಯ ಮುಚ್ಚಳವನ್ನು ಒಮ್ಮೆ ತಿರುಗಿಸಿ ಬಿಗಿ ಮಾಡಿದರು, ಮತ್ತೆ ಸಡಿಲಿಸಿದರು. ಆಮೇಲೆ ಬಾಯಮ್ಮನ ಮುಖ ನೋಡಿ ತಮ್ಮ ಸಂಬಳ ಹೇಳಿದರು.

ಅದು ಬಾಯಮ್ಮನ ಸಂಬಳದ ಎರಡು ಪಟ್ಟಿಗೂ ಹೆಚ್ಚು. ಅಂಗಡಿಯಲ್ಲಿ ಸಂಬಳ ನಿಗದಿಯಾಗುತ್ತಿದ್ದುದು ಪಾಸ್‌ಪೋರ್ಟ್ ನೋಡಿ. ಇದು ನಮಗೆಲ್ಲ ಗಾಳಿಮಾತಾಗಿ ಗೊತ್ತಿತ್ತು. ಅಂಕಿಯಾಗಿ ಕೇಳಿದ್ದು ಅದೇ ಮೊದಲು. ಬಾಯಮ್ಮ ಚಹಾದ ಲೋಟವನ್ನು ಕೆಳಗಿಟ್ಟರು. ಹಿಂದಿಯಲ್ಲಿ ಹೇಳಿದರು: “ಹಾಗಿದ್ದೂ ಇಷ್ಟು ದಿನ ನನ್ನ ಖರ್ಚಿನಲ್ಲಿ ಚಹಾ ಕುಡಿದಿರಲ್ಲ ಆಂಟಿ.”

“ಇವತ್ತಿನಿಂದ ನನ್ನದು,” ಎಂದರು ಆಂಟಿ. “ಈಗ ಒಳಗೆ ಹೋಗು. ಯಲ್ಲಾ, ಹೊರಡು.”

ಭಾಷಣ ಮೆಟ್ಟಿಲ ಮೇಲೆಯೇ ಉಳಿಯಿತು. ಬಾಯಮ್ಮ ಮ್ಯಾನೇಜರ ಮುಂದೆ ಎರಡು ಅಂಕಿಗಳನ್ನಷ್ಟೇ ಹೇಳಿದರಂತೆ, ಒಂದು ತಮ್ಮದು, ಒಂದು ಆಂಟಿಯದು. ಯಾರು ಹೇಳಿದರು ಎಂದು ಮ್ಯಾನೇಜರ್ ಗದರಿದಾಗ ಹಿಂದಿನ ಕೋಣೆಯಿಂದ ಆಂಟಿಯೇ ಬಂದು ನಿಂತರು. “ನಾನು. ಕೋಟು ತಿರುವಿ ನೋಡಿ, ಯಾವ ಹೊಲಿಗೆ ಯಾರದೆಂದು ಹೇಳಿ.” ಮ್ಯಾನೇಜರ್ ಕೆಟ್ಟ ಮನುಷ್ಯರಲ್ಲ, ಮಾಲೀಕರಿಗೆ ಏನು ಉತ್ತರ ಕೊಡುವುದೆಂಬ ಚಿಂತೆ ಅವರಿಗೂ ಇತ್ತು. ಅವರು ಕೋಟನ್ನು ಮುಟ್ಟಲಿಲ್ಲ.

ಬಾಯಮ್ಮನ ಸಂಬಳ ಆಂಟಿಯ ಸಮಕ್ಕೆ ಏರಲಿಲ್ಲ. ಫ್ಯಾಮಿಲಿ ವೀಸಾ ಆಗುವಷ್ಟು ಏರಿತು. ಈಗ ಅಲ್ ನಹ್ದಾ ಬಡಾವಣೆಯ ಅವರ ಮನೆಗೆ ಹೋದರೆ, ಅಮ್ಮ ಕೊಂಕಣಿಯಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿಯೊಬ್ಬಳು ಬಾಗಿಲು ತೆಗೆಯುತ್ತಾಳೆ. ಆಂಟಿಯ ಕರಾರು ಮುಗಿದಾಗ ಮಾತ್ರ ಅದನ್ನು ಯಾರೂ ನವೀಕರಿಸಲಿಲ್ಲ. ಕಾರಣವನ್ನೂ ಹೇಳಲಿಲ್ಲ. ಬೀಳ್ಕೊಡಲು ಹೋದಾಗ ವಿಮಾನ ನಿಲ್ದಾಣದಲ್ಲಿ ಬಾಯಮ್ಮ ಅತ್ತರು. ಆಂಟಿ ನನ್ನ ಹೆಗಲು ನೋಡಿ, “ಈಗ ಸರಿಯಾಗಿದೆ,” ಎಂದಷ್ಟೇ ಹೇಳಿದರು.

ಕಾಗದದ ಸಂಬಳಕ್ಕೆ ತಕ್ಕ ಸಣ್ಣ ಪಿಂಚಣಿ ಸಾಲದೆ ಆಂಟಿ ಮತ್ತೆ ತಮ್ಮ ಊರಿನ ಅದೇ ಹೊಲಿಗೆ ಕಾರ್ಖಾನೆ ಸೇರಿದ್ದಾರೆ. ಕಳೆದ ಚಳಿಗಾಲದಲ್ಲಿ ಅವರ ಧ್ವನಿಸಂದೇಶ ಬಂತು, ಅದೇ ಹರಕು ಹಿಂದಿಯಲ್ಲಿ, ಹಿಂದಿನಿಂದ ಯಂತ್ರಗಳ ಸದ್ದು. ಮೊದಲ ತಿಂಗಳ ಲಕೋಟೆಯನ್ನು ಊಟದ ಮೇಜಿನ ಮೇಲೆ ಎಲ್ಲರೆದುರು ಒಡೆದಿಟ್ಟರಂತೆ. “ಒಂದು ತಿಂಗಳು ಯಾರೂ ನನ್ನ ಪಕ್ಕ ಕೂರಲಿಲ್ಲ. ಮುಂದಿನ ಸಂಬಳದ ದಿನ ಒಬ್ಬಳು ಬಂದು, ತನ್ನದನ್ನೂ ಒಡೆದು ಪಕ್ಕದಲ್ಲಿಟ್ಟಳು.”

ಓದುಗರಲ್ಲಿ ನನ್ನದೊಂದು ಕೋರಿಕೆ. ಈ ತಿಂಗಳ ಸಂಬಳ ಬಂದಾಗ, ನಿಮ್ಮಂತೆಯೇ ಕೆಲಸ ಮಾಡುವ ಒಬ್ಬರಿಗೆ ನಿಮ್ಮ ಸಂಬಳ ಎಷ್ಟೆಂದು ಹೇಳಿ. ಅವರದನ್ನು ಕೇಳಬೇಡಿ. ಮೊದಲು ನಿಮ್ಮದನ್ನು ಹೇಳಿ.