ಏರಿನ ನಡುವೆ ನಿಲ್ಲಿಸುತ್ತಿದ್ದವರು

ಕೊಟ್ಟಿಗೆಹಾರದ ಆ ಮೆಕ್ಯಾನಿಕ್ ಹಳೇ ಜೀಪು ನೋಡಲು ಬಂದರೆ ಮೊದಲು ಬಾನೆಟ್ ಮೇಲೆ ಅಂಗೈ ಇಡುತ್ತಿದ್ದರು, ಮಗುವಿಗೆ ಜ್ವರ ಇದೆಯಾ ಎಂದು ನೋಡುವ ಹಾಗೆ. ಬೆಚ್ಚಗಿದ್ದರೆ, ಮಾರುವವನು ದೋಷ ಮುಚ್ಚಲು ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾನೆಂದು ತಿಳಿದು, ಎಂಜಿನ್ ಆರುವ ತನಕ ಕಾಯುತ್ತಿದ್ದರು. ಆಮೇಲೆ ಒಂದೇ ಮಾತು: "ಖಾಲಿ ಜೀಪು ಎಲ್ಲಿಗೆ ಬೇಕಾದ್ರೂ ಹತ್ತುತ್ತೆ. ಎಲ್ರೂ ಕೂತ್ಕೊಳ್ಳಿ." ಬೇರೆಯವರು ಓಡಿಸುವ ಗಾಡಿಯಲ್ಲಿ ಮಾತ್ರ ಅವರು ಕೂರುತ್ತಿರಲಿಲ್ಲ.

ಹೊಸದಾಗಿ ಲೈಸೆನ್ಸ್ ಪಡೆದ ನನ್ನ ಮೊಮ್ಮಗಳು, ಬಾಳೂರಿನ ಮಕ್ಕಳನ್ನು ಶಾಲೆಗೆ ಬಿಡಲು ಜೀಪು ಬೇಕೆಂದು ಹಟ ಹಿಡಿದಿದ್ದಳು. ಮಕ್ಕಳು ಹತ್ತುವ ಗಾಡಿ, ಮೋಸ ಹೋಗಬಾರದೆಂದು, ಮಾರಾಟಕ್ಕೆ ಬಂದ ಜೀಪೊಂದನ್ನು ನೋಡಲು ಅವರನ್ನೇ ಕರೆಸಿದೆ.

ನನ್ನನ್ನೂ ಮೊಮ್ಮಗಳನ್ನೂ ಮಾರುವವನನ್ನೂ ತೋಟದ ಆಳುಗಳನ್ನೂ ಸೇರಿಸಿ ಎಂಟು ಮಂದಿಯನ್ನು ತುಂಬಿಸಿದರು. ತಾವೇ ಓಡಿಸಿ, ತೋಟದ ಕೆಸರಿನ ಏರಿನ ನಡುವೆ ಎಂದಿನಂತೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕೆಳಗಿಳಿದರು.

"ಈಗ ನೀನು ಹತ್ತಿಸಮ್ಮಾ" ಎಂದರು ಮೊಮ್ಮಗಳಿಗೆ.

"ಮಾರಾಯ್ರೆ, ಹುಡುಗಿ ಕೈಲಿ ಕೊಡ್ತೀರಾ? ನಾನು ಇಳೀತೀನಿ!" ಎಂದ ಮಾರುವವ.

"ನಿಮ್ಮ ಗಾಡಿ ಮೇಲೆ ನಿಮಗೇ ನಂಬಿಕೆ ಇಲ್ವಾ? ಕೂತಿರಿ ಸುಮ್ನೆ."

ಅವಳು ಫೋರ್‌ವೀಲ್ ಗೇರ್ ಹಾಕಿದಳು. ಜೀಪು ಒಂದು ಗೇಣೂ ಹಿಂದಕ್ಕೆ ಜಾರದೆ ಗುಡ್ಡದ ತಲೆಗೆ ಏರಿತು! ಖುಷಿ ತಡೆಯಲಾರದೆ ನಾನು ಮಾರುವವನ ಬೆನ್ನಿಗೇ ಗುದ್ದಿದೆ.

ಅವರು ಏರನ್ನು ನಡೆದೇ ಬಂದರು. ಗಾಡಿ ಹೇಗಿದೆ ಎಂದು ನಾನು ಕೇಳುವ ಮೊದಲೇ ಹಿಂದಿನ ಸೀಟಿಗೆ ಹತ್ತಿ, ಮಾರುವವನನ್ನು ಒತ್ತರಿಸಿ ಕೂತರು.

"ನಡಿ ಡ್ರೈವರಮ್ಮಾ, ನನ್ನನ್ನ ಕೊಟ್ಟಿಗೆಹಾರಕ್ಕೆ ಬಿಡು."